ದೀಪವಿಲ್ಲದ ಊರಿಗೊಂದು ಕಾವ್ಯ: ವರ್ಷಕ್ಕೊಂದರಂತೆ ಹನ್ನೊಂದು ಪಾಠ

ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರಪಳಿ ಎಳೆಸಿದವನು ನಾನು. ನಮ್ಮ ಸರಪಳಿ 33 ಅಡಿ ಉದ್ದ, ಅದಕ್ಕೆ ಹದಿನಾರು ಆಣೆ. ಸರಪಳಿ ಉದ್ದ, ಸರಪಳಿ ಅಗಲವಾದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಹಗಲೆಲ್ಲ ಈ ಲೆಕ್ಕ, ರಾತ್ರಿ ಮಾತ್ರೆಗಣದ ಲೆಕ್ಕ. ಹೀಗೆ ಹನ್ನೊಂದು ವರ್ಷ ಕೂತು ಒಂದು ಕಾವ್ಯ ಬರೆದೆ. ಏಳು ಗಡಿ, ಸುಮಾರು ಆರು ಸಾವಿರ ಸಾಲು.

ಕಥೆ ಹುಟ್ಟಿದ್ದು ಕಡತದಲ್ಲೇ. ಕಂದಾಯದ ದಾಖಲೆಗಳಲ್ಲಿ ‘ಬೇಚಿರಾಕ್ ಗ್ರಾಮ’ ಎಂಬ ಮಾತಿದೆ. ಊರಿಗೆ ಹೆಸರುಂಟು, ಎಲ್ಲೆಯುಂಟು, ಸರ್ವೆ ನಂಬರುಂಟು. ವಾಸ ಮಾಡುವ ಜನ ಇಲ್ಲ. ಪಾರಸಿಯಲ್ಲಿ ಚಿರಾಗ್ ಎಂದರೆ ದೀಪ. ಬೇಚಿರಾಕ್ ಎಂದರೆ ದೀಪವಿಲ್ಲದ ಊರು. ಸರಪಳಿ ಹಿಡಿಯುವ ಹುಡುಗ ಕೆಂಚ ಅಂಥದೊಂದು ಊರಿನ ಗಡಿಯಲ್ಲಿ ರಾತ್ರಿ ತಂಗುತ್ತಾನೆ. ದೀಪವಿಲ್ಲವೆಂದು ಬರೆದಿರುವ ಊರಿನಲ್ಲಿ ಒಂದು ದೀಪ ಕಾಣುತ್ತದೆ. ಸಂಪಿಗೆ ಮರದ ಕೆಳಗೆ ಒಬ್ಬಳು ಅದನ್ನು ಹಿಡಿದು ನಿಂತಿದ್ದಾಳೆ. ಹತ್ತಿರ ಹೋದರೆ ಮರವಿದೆ, ಅವಳಿಲ್ಲ. ದೀಪ ಮುಂದಿನ ಗಡಿಯಾಚೆ ಉರಿಯುತ್ತಿದೆ. ಮರದ ಹೆಸರನ್ನೇ ಅವಳಿಗಿಟ್ಟು, ಏಳು ಗಡಿ ದಾಟಿ ಅವಳನ್ನು ಹುಡುಕುವುದೇ ಕಾವ್ಯ. ಈಗಿನ ಹುಡುಗರು ಇದನ್ನು ಫ್ಯಾಂಟಸಿ ಎನ್ನುತ್ತಾರೆ. ನಮ್ಮಜ್ಜಿ ಇದ್ದಿದ್ದರೆ ಅಡಗೂಲಜ್ಜಿ ಕಥೆ ಎನ್ನುತ್ತಿದ್ದಳು. ಎರಡಕ್ಕೂ ನನ್ನ ತಕರಾರಿಲ್ಲ.

‘ಹೇಗೆ ಬರೆದಿರಿ’ ಎಂದು ಆಗಾಗ ಯಾರಾದರೂ ಕೇಳುತ್ತಾರೆ. ಅದಕ್ಕಿಂತ ಎಲ್ಲೆಲ್ಲಿ ಕೆಡಿಸಿದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಅದನ್ನೇ ಬರೆದಿಡುತ್ತಿದ್ದೇನೆ.

1. ಎಕರೆಗೆ ಮೊದಲು ಗುಂಟೆ

ಮೊದಲ ವರ್ಷ ನೇರ ಮಂಗಳಾಚರಣೆಯಿಂದ ಶುರುಮಾಡಿದೆ. ಇಷ್ಟದೇವತೆ ಆಯಿತು, ಪೂರ್ವಕವಿಗಳ ಸ್ತುತಿ ಆಯಿತು, ದೇಶವರ್ಣನೆ, ಪುರವರ್ಣನೆ ಎಲ್ಲ ಆಯಿತು. ಎಂಟುನೂರು ಸಾಲು ಕಳೆದರೂ ಕೆಂಚ ಇನ್ನೂ ಹೊಸ್ತಿಲು ದಾಟಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಇಡೀ ಹೋಬಳಿಯನ್ನು ಅಳೆಯಲು ಹೊರಟವನ ಪಾಡು ನನ್ನದಾಗಿತ್ತು. ಆ ಹಸ್ತಪ್ರತಿಯನ್ನು ಹರಿದು ಹಾಕಿದೆ.

ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ ಹೊರಬಂದದ್ದು 1949ರಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ ಅವರು ‘ಚಿತ್ರಾಂಗದಾ’ ಎಂಬ ಖಂಡಕಾವ್ಯ ಬರೆದಿದ್ದರು. ಅರ್ಜುನ ಮತ್ತು ಮಣಿಪುರದ ರಾಜಕುಮಾರಿಯ ಪ್ರೇಮದ ಕಥೆ ಅದು. ಪ್ರಾಸದ ಊರುಗೋಲಿಲ್ಲದೆ ಕಥೆ ನಡೆಸುವ ಕೈ ಅಲ್ಲಿ ಪಳಗಿತ್ತು. ಅಷ್ಟು ದೊಡ್ಡ ಕವಿಯೇ ಮೊದಲು ಗುಂಟೆ ಅಳೆದು ನೋಡಿದ್ದರು ಎಂದ ಮೇಲೆ ನನ್ನದೇನು? ಎರಡನೆಯ ವರ್ಷ ಒಂದೇ ರಾತ್ರಿಯ ಕಥೆಯನ್ನು 240 ಸಾಲಿನಲ್ಲಿ ಬರೆದೆ. ನನ್ನ ಉಸಿರು ಎಲ್ಲಿ ಕಟ್ಟುತ್ತದೆ ಎಂದು ಆಗ ಗೊತ್ತಾಯಿತು: ನೂರ ಎಪ್ಪತ್ತನೆಯ ಸಾಲಿನ ಆಸುಪಾಸು. ಅಲ್ಲಿಗೆ ಬಂದಾಗ ಯಾರಾದರೂ ಹೊಸಬರು ಕಥೆಯೊಳಗೆ ಬರಬೇಕು, ಇಲ್ಲವೆ ಏನಾದರೂ ಮುರಿಯಬೇಕು. ಆಮೇಲಿನ ಆರು ಸಾವಿರ ಸಾಲನ್ನೂ ಈ ಅಂದಾಜಿನಲ್ಲೇ ಕಟ್ಟಿದೆ.

2. ಮಾಯೆಗೂ ನಕಾಶೆ ಬೇಕು

ಅದ್ಭುತ ಕಥೆ ಎಂದಕೂಡಲೇ ನೆಲದ ಹಂಗಿಲ್ಲ ಎಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡು ಕೆಂಚನನ್ನು ಒಂದು ರಾತ್ರಿಯಲ್ಲಿ ಮೂರು ಬೆಟ್ಟ ಹತ್ತಿಸಿದ್ದೆ. ನಾಲ್ಕನೆಯ ಬೆಟ್ಟದ ಹೊತ್ತಿಗೆ ಬೆಟ್ಟಗಳ ಮೇಲೇ ನಂಬಿಕೆ ಹೊರಟುಹೋಯಿತು.

ಆಗ ಹಳೆಯ ಚಾಳಿಗೆ ಶರಣಾದೆ. ದೊಡ್ಡ ಹಾಳೆಯ ಮೇಲೆ ಏಳೂ ಊರಿನ ನಕಾಶೆ ಬರೆದೆ. ಊರಿಂದ ಊರಿಗೆ ಎಷ್ಟು ಹರದಾರಿ ಎಂದು ಗುರುತು ಹಾಕಿದೆ. ಹರದಾರಿ ಅಂದರೆ ಸುಮಾರು ಮೂರು ಮೈಲಿ. ಹೊರೆ ಹೊತ್ತವನು ಬಿಸಿಲಲ್ಲಿ ದಿನಕ್ಕೆ ನಾಲ್ಕು ನಡೆದರೆ ಹೆಚ್ಚು. ಮಾಯೆ ಇರಬೇಕಾದ ಜಾಗವನ್ನೂ ಗೊತ್ತುಮಾಡಿದೆ. ನಮ್ಮ ದಾಖಲೆಯಲ್ಲಿ ‘ಅ’ ಖರಾಬು ಎಂದರೆ ಬೇಸಾಯಕ್ಕೆ ಬಾರದ ಬಂಡೆ, ಕೊರಕಲು; ‘ಬ’ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಎಲ್ಲರಿಗೂ ಸೇರಿದ ಜಾಗ. ಎರಡಕ್ಕೂ ಕಂದಾಯವಿಲ್ಲ. ನನ್ನ ಕಾವ್ಯದ ಯಕ್ಷಿ, ಬೂತ, ಮಾತಾಡುವ ಹಾವು ಎಲ್ಲವೂ ಈ ಖರಾಬಿನಲ್ಲಷ್ಟೇ ಓಡಾಡುತ್ತವೆ. ಉಳುವ ಹೊಲದೊಳಗೆ ಕಾಲಿಡುವುದಿಲ್ಲ. ಈ ಕಟ್ಟಳೆ ಹಾಕಿದ ಮೇಲೆ ಕೆಂಚ ಬದು ದಾಟಿ ಹಳ್ಳಕ್ಕಿಳಿದರೆ ಸಾಕು, ಕೇಳುವವರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು.

ಪಂಚಾಂಗವನ್ನೂ ಬಿಡಬೇಡಿ. ಕರಡು ಕೇಳಿದ ಒಬ್ಬ ರೈತರು ನಡುವೆ ಕೈಯೆತ್ತಿದರು: “ಬಹುಳ ಅಷ್ಟಮಿ ಅಂದ್ರಲ್ಲ ಸ್ವಾಮಿ, ಸಂಜೆಗೇ ಚಂದ್ರ ಎಲ್ಲಿಂದ ಬಂದ?” ನಿಜ, ಆ ದಿನ ಚಂದ್ರ ಹುಟ್ಟುವುದು ನಡುರಾತ್ರಿಗೆ. ದೀಪ ನಡೆದಾಡುತ್ತದೆ ಎಂದದ್ದನ್ನು ಅವರು ಎರಡು ಮಾತಾಡದೆ ಒಪ್ಪಿಕೊಂಡಿದ್ದರು. ಚಂದ್ರ ಹೊತ್ತು ತಪ್ಪಿದ್ದನ್ನು ಒಪ್ಪಲಿಲ್ಲ. ದೊಡ್ಡ ಸುಳ್ಳು ನಿಲ್ಲಬೇಕಾದರೆ ಸುತ್ತಲಿನ ಸಣ್ಣ ಸಣ್ಣ ನಿಜಗಳು ಗಟ್ಟಿಯಾಗಿರಬೇಕು.

3. ಮಾಯೆಗೆ ಕಂದಾಯ ಹಾಕಿ

ಜಾಗಕ್ಕೆ ಕಂದಾಯವಿಲ್ಲ ಎಂದೆ. ದಾಟುವವನಿಗೆ ಮಾತ್ರ ಉಂಟು. ಪುಕ್ಕಟೆ ಸಿಗುವ ಮಾಯೆ ಕಥೆಯನ್ನು ಹಾಳುಮಾಡುತ್ತದೆ. ಕಷ್ಟ ಬಂದಾಗಲೆಲ್ಲ ಒಂದು ಉಂಗುರ, ಒಂದು ಮಂತ್ರ ಕೊಟ್ಟು ಪಾರು ಮಾಡುತ್ತ ಹೋದರೆ ಹುಡುಕಾಟ ಯಾರಿಗೆ ಬೇಕು?

ನನ್ನ ಕಾವ್ಯದಲ್ಲಿ ಪ್ರತಿ ಗಡಿಕಲ್ಲಿನ ಬಳಿ ಕೆಂಚ ಒಂದು ಪದವನ್ನು ಬಿಟ್ಟು ಹೋಗಬೇಕು. ಮನೆ, ಅವ್ವ, ಹಸಿವು, ನೀರು, ನೆರಳು, ನಾನು. ಏಳನೆಯದನ್ನು ಕೊನೆಗೆ ಹೇಳುತ್ತೇನೆ. ಮೊದಲ ಕರಡಿನಲ್ಲಿ ಪದಗಳು ಅವನ ಬಾಯಿಂದ ಮಾತ್ರ ಹೋಗುತ್ತಿದ್ದವು. ಕವಿಯಾದ ನಾನು ಧಾರಾಳವಾಗಿ ಬಳಸುತ್ತಿದ್ದೆ. ನಷ್ಟ ಯಾರಿಗೂ ತಟ್ಟಲಿಲ್ಲ. ಆಮೇಲೆ ಅವನ ದಾರಿಯ ಕಥೆ ಹೇಳುವ ಭಾಗದಿಂದಲೇ ಆ ಪದಗಳನ್ನು ತೆಗೆದುಹಾಕಿದೆ. ನಾಲ್ಕನೆಯ ಗಡಿಯಾಚೆ ಹಳ್ಳ ಹರಿಯುತ್ತದೆ, ತಂಪು ಹರಿಯುತ್ತದೆ, ನೀರು ಮಾತ್ರ ಹರಿಯುವುದಿಲ್ಲ. ಕಟ್ಟೆಚ್ಚರದಿಂದ ತಿದ್ದಿ ಮುಗಿಸಿದ್ದೇನೆ ಅಂದುಕೊಂಡಿದ್ದಾಗ ಮಗಳು ಒಂದು ಸಾಲಿನ ಮೇಲೆ ಬೆರಳಿಟ್ಟಳು: “ಅಪ್ಪಾ, ಕಣ್ಣೀರಲ್ಲೂ ನೀರಿದೆಯಲ್ಲ!” ಅವತ್ತಿನಿಂದ ಕೆಂಚನಿಗೆ ಕಣ್ಣೀರೂ ಇಲ್ಲ. ಕಣ್ಣು ಉರಿಯುತ್ತದೆ ಎನ್ನುತ್ತಾನೆ, ಅಷ್ಟೆ.

ಆರನೆಯ ಪದ ನನಗೇ ಪಾಠ ಹೇಳಿತು. ಕನ್ನಡದಲ್ಲಿ ‘ನಾನು’ ಹೋದರೂ ಕೆಲಸ ನಿಲ್ಲುವುದಿಲ್ಲ. ಬಂದೆ, ನಡೆದೆ, ನೋಡಿದೆ ಎಂದರೆ ಯಾರು ಎಂಬುದು ಕ್ರಿಯಾಪದದ ಬಾಲದಲ್ಲೇ ಇದೆ. ಆದರೆ ಹಸಿವು, ಬಾಯಾರಿಕೆ, ಭಯ, ಪ್ರೀತಿ, ನೆನಪು ಇವನ್ನೆಲ್ಲ ನಾವು ‘ಮಾಡುವುದಿಲ್ಲ’. ಅವು ನಮಗೆ ಆಗುತ್ತವೆ. ‘ನನಗೆ’ ಬೇಕೇ ಬೇಕು. ಆರನೆಯ ಗಡಿ ದಾಟಿದ ಕೆಂಚ ನಡೆಯಬಲ್ಲ, ನೋಡಬಲ್ಲ, ಕರೆಯಬಲ್ಲ. ‘ಬೇಕು’ ಎನ್ನಬಲ್ಲ. ಯಾರಿಗೆ ಎಂದು ಕೇಳಿದರೆ ಅವನಲ್ಲಿ ಉತ್ತರವಿಲ್ಲ. ಇದು ನಾನು ಯೋಚಿಸಿ ತಂದದ್ದಲ್ಲ, ನುಡಿ ತಾನಾಗಿ ಕೊಟ್ಟದ್ದು. ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಇಂಥದು ಒಂದಾದರೂ ಸಿಗುತ್ತದೆ.

4. ನಡಿಗೆಗೊಂದು ಛಂದಸ್ಸು, ನಿಲುಗಡೆಗೊಂದು

ಗದುಗಿನ ಭಾರತದ ಮೋಹದಲ್ಲಿ ಇಡೀ ಕಾವ್ಯವನ್ನು ಭಾಮಿನಿಯಲ್ಲೇ ಬರೆಯುವ ಹಟ ಹಿಡಿದಿದ್ದೆ. ಮೂರು–ನಾಲ್ಕರ ನಡೆ, ಆರು ಸಾಲಿಗೆ 102 ಮಾತ್ರೆ. ಜೊತೆಗೆ ಆದಿಪ್ರಾಸ: ಆರೂ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಕುಮಾರವ್ಯಾಸನಿಗೆ ಅದು ಹೊಳೆಯಲ್ಲಿ ಈಜಿದ ಹಾಗೆ. ನನಗೆ ನಾನೂರು ಪದ್ಯದ ಹೊತ್ತಿಗೆ ಪ್ರಾಸದ ಚೀಲ ಬರಿದಾಗಿತ್ತು. ಎಡಕ್ಕೆ ತಿರುಗಬೇಕಾದ ಕೆಂಚ ಪ್ರಾಸಕ್ಕಾಗಿ ಬಲಕ್ಕೆ ತಿರುಗತೊಡಗಿದ. ಅಲ್ಲಿಗೆ ಹುಡುಕುತ್ತಿದ್ದವನು ಕೆಂಚನಲ್ಲ, ನಿಘಂಟಿನಲ್ಲಿ ನಾನು.

ಒಂದು ದಿನ ಕಾಲುದಾರಿಯಲ್ಲಿ ನಡೆಯುವಾಗ ಹೊಳೆಯಿತು. ನಡಿಗೆಗೆ ಪದ್ಯದ ಕಟ್ಟೆ ಇರುವುದಿಲ್ಲ. ಹೆಜ್ಜೆಯ ಹಿಂದೆ ಹೆಜ್ಜೆ ಬರುತ್ತದೆ. ಅದಕ್ಕೆ ಸರಳ ರಗಳೆಯೇ ಸರಿ. ಐದೈದು ಮಾತ್ರೆಯ ನಾಲ್ಕು ಗಣ, ಇಪ್ಪತ್ತು ಮಾತ್ರೆಗೆ ಒಂದು ಸಾಲು, ಪ್ರಾಸದ ಕಾಟವಿಲ್ಲ, ಅರ್ಥ ಸಾಲಿನಿಂದ ಸಾಲಿಗೆ ಹರಿಯಬಹುದು. ಇದೇ ನಡೆಯನ್ನು ಹಿಗ್ಗಿಸಿ ಕುವೆಂಪು ಮಹಾಛಂದಸ್ಸು ಮಾಡಿಕೊಂಡರು. ಭಾಮಿನಿಯನ್ನು ಗಡಿಕಲ್ಲಿಗೆ ಮೀಸಲಿಟ್ಟೆ. ದಾರಿಯುದ್ದಕ್ಕೂ ರಗಳೆ ಹರಿಯುತ್ತದೆ. ಕಲ್ಲು ಬಂದಾಗ ಒಂದೇ ಒಂದು ಷಟ್ಪದಿ ಎದ್ದು ನಿಲ್ಲುತ್ತದೆ, ನಾಲ್ಕು ಮುಖ ಕೆತ್ತಿ ನೆಟ್ಟ ಹಾಗೆ. ಇಡೀ ಕಾವ್ಯಕ್ಕೆ ಭಾಮಿನಿ ಏಳೇ ಏಳು. ಅವಳ ಹಾಡುಗಳಿಗೆ ಸಾಂಗತ್ಯ, ಹೇಳಿಕೇಳಿ ಅದು ಹಾಡುಗಬ್ಬದ ಛಂದಸ್ಸು. ಪುಟ ತೆರೆದಾಗ ಅಕ್ಷರ ಓದುವ ಮೊದಲೇ ಯಾರು ನಡೆಯುತ್ತಿದ್ದಾರೆ, ಯಾರು ಹಾಡುತ್ತಿದ್ದಾರೆ ಎಂದು ತಿಳಿಯಬೇಕು.

5. ಹೆಸರನ್ನು ಅಳೆದು ಇಡಿ

ನಾಯಕಿಯ ಹೆಸರು ದೀರ್ಘಕಾವ್ಯದಲ್ಲಿ ನೂರಾರು ಸಲ ಬರುತ್ತದೆ. ಅದು ಗಣಕ್ಕೆ ಒಗ್ಗದಿದ್ದರೆ ನೂರಾರು ಸಲ ನೀವು ಸಾಯುತ್ತೀರಿ. ಮೊದಲು ಅವಳನ್ನು ಚಂದ್ರಲೇಖೆ ಎಂದು ಕರೆದಿದ್ದೆ. ಎಣಿಸಿ ನೋಡಿ, ಆರು ಮಾತ್ರೆ. ಐದು ಮಾತ್ರೆಯ ಗಣದೊಳಗೆ ಆರು ಮಾತ್ರೆಯ ಹುಡುಗಿ! ಪ್ರತಿ ಸಲವೂ ಅವಳ ಸೆರಗು ಮುಂದಿನ ಗಣಕ್ಕೆ ಸಿಕ್ಕಿಕೊಳ್ಳುತ್ತಿತ್ತು.

‘ಸಂಪಿಗೆ’ ಆದದ್ದು ಮರದ ಚೆಲುವಿಗಷ್ಟೇ ಅಲ್ಲ. ಸಂಪಿಗೆ ಎಂದರೆ ನಾಲ್ಕು ಮಾತ್ರೆ. ‘ಕೆಂಚ’ ಮೂರು. ಇಬ್ಬರನ್ನೂ ಜೊತೆಗೆ ಕೂರಿಸಿದರೆ ಮೂರು–ನಾಲ್ಕು, ಭಾಮಿನಿಯ ನಡೆ. ಅವಳಿಗೆ ವಿಭಕ್ತಿ ಹಚ್ಚಿ: ಸಂಪಿಗೆಯ, ಸಂಪಿಗೆಗೆ, ಸಂಪಿಗೆಯು. ಎಲ್ಲವೂ ಐದು, ರಗಳೆಗೆ ಹೇಳಿ ಮಾಡಿಸಿದ ಅಳತೆ. ಹೆಸರು ಬದಲಾದ ದಿನ ಬರೆದ ಮೊದಲ ಸಾಲು ಇದು:

ಸಂಪಿಗೆಯ ಕಂಡೊಡನೆ ಸರಪಳಿಯ ಕೈಬಿಟ್ಟು

ಐದು, ಐದು, ಐದು, ಐದು. ಸರಪಳಿ ನೆಲಕ್ಕೆ ಬಿದ್ದ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಪ್ರೇಮಕಾವ್ಯದಲ್ಲಿ ಜಾತಕ ಕೂಡಿಸುವುದು ಅಂದರೆ ಇದೇ.

6. ಕುದುರೆ ನಿಂತಲ್ಲಿ ಕಥೆ

ಕಡೂರು ತಾಲ್ಲೂಕಿನ ದೇವನೂರಿಗೆ ಅಳತೆಗೆ ಹೋದಾಗ ಲಕ್ಷ್ಮೀರಮಣನ ಗುಡಿಯ ಜಗಲಿಯ ಮೇಲೆ ಕೂತು ಬುತ್ತಿ ಬಿಚ್ಚಿದ್ದೆ. ಲಕ್ಷ್ಮೀಶನ ಊರದು. ‘ಜೈಮಿನಿ ಭಾರತ’ದ ಉಪಾಯ ಅಲ್ಲಿ ಕೂತಾಗ ತಲೆಗೆ ಹೊಕ್ಕಿತು. ಅಶ್ವಮೇಧದ ಕುದುರೆ ತನ್ನ ಪಾಡಿಗೆ ಹೋಗುತ್ತಿರುತ್ತದೆ. ಅದು ಓಡುವಾಗ ಕಥೆಯಿಲ್ಲ. ಎಲ್ಲಿ ನಿಲ್ಲುತ್ತದೋ ಅಲ್ಲಿ ಕಥೆ. ಬಂಡೆಗೆ ಅಂಟಿಕೊಂಡರೆ ಉದ್ದಾಲಕ–ಚಂಡಿಯ ಕಥೆ, ಹೆಂಗಸರೇ ಆಳುವ ನಾಡಿಗೆ ಹೊಕ್ಕರೆ ಪ್ರಮೀಳೆಯ ಕಥೆ.

ಇದರಿಂದ ಕಲಿತದ್ದು ಎರಡು. ಒಂದು, ನಡಿಗೆಯನ್ನು ಬೇಗ ಮುಗಿಸಿ, ನಿಂತ ಕಡೆ ಚೆನ್ನಾಗಿ ನಿಲ್ಲಿ. ಎರಡು, ನಿಂತ ಕಡೆ ಇರುವವರು ನಿಮ್ಮ ನಾಯಕನಿಗಾಗಿ ಕಾದು ಕೂತಿರಬಾರದು. ಚಂಡಿಗೆ ತನ್ನದೇ ಶಾಪವಿದೆ, ಪ್ರಮೀಳೆಗೆ ತನ್ನದೇ ರಾಜ್ಯವಿದೆ. ನನ್ನ ಎರಡನೆಯ ಗಡಿಯಲ್ಲಿ ಒಬ್ಬ ಮುದುಕ ಸುಮ್ಮನೆ ದಾರಿ ಹೇಳಲು ಕೂತಿದ್ದ. ಅವನನ್ನು ಎಬ್ಬಿಸಿ ಕೈಗೊಂದು ಕೆಲಸ ಕೊಟ್ಟೆ: ಅಣ್ಣತಮ್ಮಂದಿರ ಬದು ಜಗಳದಲ್ಲಿ ಕಲ್ಲನ್ನು ರಾತ್ರೋರಾತ್ರಿ ಸರಿಸುವವನು ಅವನು. ಈಗ ಅವನು ಹೇಳುವ ದಾರಿಯನ್ನು ನಂಬಬೇಕೋ ಬೇಡವೋ ಎಂಬ ಅನುಮಾನ ಕೆಂಚನಿಗೂ ಬಂತು, ಓದುಗರಿಗೂ ಬಂತು.

7. ಅವಳು ಉಂಡಳೇ?

ನಾಲ್ಕು ಗಡಿ ಬರೆದ ಮೇಲೆ ನಮ್ಮ ಕಡೆಯ ಒಂದು ಹಳ್ಳಿಯ ದೇವಸ್ಥಾನದಲ್ಲಿ ಗಮಕಿಯೊಬ್ಬರಿಂದ ಕರಡನ್ನು ಓದಿಸಿದೆ. ಮುಗಿದ ಮೇಲೆ ಮುಂದೆ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು: “ಏನಪ್ಪಾ, ಆ ದೀಪದ ಹುಡ್ಗಿ ಉಂಡ್ಲಾ?”

ನಾನು ಕಕ್ಕಾಬಿಕ್ಕಿ. ಕೆಂಚ ಬುತ್ತಿ ಬಿಚ್ಚಿದ್ದು ಹನ್ನೊಂದು ಕಡೆ ಬಂದಿತ್ತು. ಅವಳಿಗೆ ಒಂದು ತುತ್ತೂ ಇರಲಿಲ್ಲ. ಹಸಿವೆಂಬ ಪದವನ್ನು ಕಳೆದುಕೊಂಡಿದ್ದು ಕಾವ್ಯ. ಹಸಿವನ್ನೇ ಮರೆತವನು ನಾನು. ಅವಳು ದೀಪ ಹಿಡಿಯುವ ಕಂಬವಾಗಿದ್ದಳು.

ನಮ್ಮ ಹಿಂದಿನವರು ಈ ತಪ್ಪು ಮಾಡಲಿಲ್ಲ. ಹನ್ನೆರಡನೆಯ ಶತಮಾನದ ನೇಮಿಚಂದ್ರನ ‘ಲೀಲಾವತಿ’ಯಲ್ಲಿ ಕಂದರ್ಪದೇವ ಕನಸಿನಲ್ಲಿ ಕಂಡವಳನ್ನು ಹುಡುಕಿಕೊಂಡು ಹೊರಡುತ್ತಾನೆ, ಅತ್ತ ಅವಳೂ ಅವನನ್ನು ಕನಸಿನಲ್ಲಿ ಕಂಡಿದ್ದಾಳೆ. ಹುಡುಕಾಟ ಒಂದು ಕಡೆಯದಲ್ಲ. ಬಾಣನ ಕಥೆಯನ್ನು ನಾಗವರ್ಮ ಕನ್ನಡಕ್ಕೆ ತಂದ ‘ಕರ್ನಾಟಕ ಕಾದಂಬರಿ’ಯಲ್ಲಿ ಅಚ್ಛೋದ ಸರೋವರದ ದಡದಲ್ಲಿ ಕಾಯುವ ಮಹಾಶ್ವೇತೆಗೆ ತಪಸ್ಸಿದೆ, ವೀಣೆಯಿದೆ, ಹೇಳಲು ತನ್ನದೇ ಕಥೆಯಿದೆ. ಇನ್ನೊಬ್ಬ ನಾಯಕಿಯ ಹೆಸರಂತೂ ಮುಂದೆ ಒಂದು ಸಾಹಿತ್ಯ ಪ್ರಕಾರಕ್ಕೇ ಹೆಸರಾಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಕೆಂಚ ಬಿಟ್ಟು ಹೋದ ಪದಗಳು ಎಲ್ಲಿಗೆ ಹೋಗುತ್ತವೆ? ಯಾಕೆ, ಅವಳೇ ಎತ್ತಿಕೊಳ್ಳಲಿ. ದೀಪವಿಲ್ಲವೆಂದು ಬರೆಸಿಕೊಂಡ ಊರಿನವಳಿಗೆ ಮಾತೂ ಇರಲಿಲ್ಲ. ಒಂದೊಂದು ಕಲ್ಲಿನ ಬುಡದಲ್ಲಿ ಒಂದೊಂದು ಪದ ಆಯ್ದುಕೊಂಡು ಅವಳು ಮಾತು ಕಲಿಯುತ್ತಾಳೆ. ದೀಪ ತೋರಿಸುತ್ತ ಅವನನ್ನು ಕರೆಯುತ್ತಿದ್ದುದು ಅದಕ್ಕೇ: ತನ್ನ ಊರನ್ನು ಮತ್ತೆ ಬರೆಯಬಲ್ಲವನನ್ನು ಅವಳೂ ಹುಡುಕುತ್ತಿದ್ದಳು. ರಗಳೆಯಲ್ಲಿ ಸತ್ತ ಪದ ಅವಳ ಸಾಂಗತ್ಯದಲ್ಲಿ ಹುಟ್ಟುತ್ತದೆ. ‘ಹಸಿವು’ ಎಂಬ ಪದ ಕೈಗೆ ಬಂದಕೂಡಲೇ ಅವಳಿಗೆ ಹಸಿವಾಗುತ್ತದೆ. ಕುರಿಹಟ್ಟಿಯೊಂದರಲ್ಲಿ ರಾಗಿಮುದ್ದೆಯನ್ನು ಉಪ್ಪುಸಾರಿಗೆ ಅದ್ದಿ ನುಂಗುತ್ತಾಳೆ. ಮೂವತ್ತೆರಡು ಸಾಲು. ಇಡೀ ಕಾವ್ಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಅದು. ಅದನ್ನು ಬರೆಸಿದ್ದು ಆ ಅಜ್ಜಿ.

8. ಬೆಳದಿಂಗಳಿಗೆ ಹದ್ದುಬಸ್ತು

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆ ಇರಬೇಕೆಂದು ಹಳಬರ ಪಟ್ಟಿ: ಸಮುದ್ರ, ಪರ್ವತ, ಋತು, ಚಂದ್ರೋದಯ, ವನವಿಹಾರ, ಜಲಕ್ರೀಡೆ, ವಿರಹ ಹೀಗೆ. ನಾನು ಹದಿನೆಂಟನ್ನೂ ಬರೆದು ಹದಿಮೂರನ್ನು ತೆಗೆದೆ. ಉಳಿಸಲು ಇಟ್ಟುಕೊಂಡ ಪರೀಕ್ಷೆ ಒಂದೇ: ಇದನ್ನು ತೆಗೆದರೆ ಕೆಂಚನ ಮುಂದಿನ ಹೆಜ್ಜೆ ಬದಲಾಗುತ್ತದೆಯೇ? ಬೆಳದಿಂಗಳಿನಿಂದ ದೀಪ ಕಾಣದಂತಾಗಿ ಅವನು ದಾರಿ ತಪ್ಪುವುದಾದರೆ ಬೆಳದಿಂಗಳು ಇರಲಿ. ಚೆನ್ನಾಗಿದೆ ಎಂಬುದಕ್ಕೆ ಮಾತ್ರ ಇದ್ದರೆ ಒತ್ತುವರಿ ಎಂದು ತೆರವು ಮಾಡಿ. ಸಾಲುಗಟ್ಟಲೆ ಬೆಳೆಯುವ ಮಹೋಪಮೆಗಳಿಗೂ ಇದೇ ಮಾತು. ಕುವೆಂಪು ಅವರಲ್ಲಿ ಅವು ಅವರು ಹುಟ್ಟಿ ಬೆಳೆದ ಮಲೆನಾಡಿನ ಕಾಡಿನಿಂದ ಎದ್ದು ಬರುತ್ತವೆ. ನನ್ನವು ಓದಿದ ಪುಸ್ತಕದಿಂದ ಬಂದಿದ್ದವು. ಬಯಲುಸೀಮೆಯವನು ನಾನು; ಮಹೋಪಮೆ ಬೇಕಾದಾಗ ಕಾಡು ಬಿಟ್ಟು ಒಣಗಿದ ಕೆರೆಯಂಗಳದ ಬಿರುಕು ನೋಡಿದೆ.

9. ಕಡತದ ಮಾತಿಗೆ ನಾಚಬೇಡಿ

ಪ್ರೀತಿಯ ಕಾವ್ಯ ಎಂದರೆ ‘ಕೋಮಲ’, ‘ಮಧುರ’, ‘ಮಂದಮಾರುತ’ ಎಂದು ಕೈ ತಾನೇ ಬರೆದುಕೊಂಡು ಹೋಗುತ್ತದೆ. ಆ ಮಾತುಗಳು ಎಷ್ಟು ಕೈ ದಾಟಿವೆಯೆಂದರೆ ನಾಣ್ಯದ ಮೇಲಿನ ಮುಖವೇ ಸವೆದುಹೋಗಿದೆ. ಟಿಪ್ಪಣಿ, ಪೋಡಿ, ಬಾಂದುಕಲ್ಲು, ಖರಾಬು, ಬೇಚಿರಾಕ್: ಇವು ನನ್ನ ಬಾಯಲ್ಲಿ ಮೂವತ್ತು ವರ್ಷ ಆಡಿದವು. ಒಬ್ಬ ವಿದ್ವಾಂಸರು “ಮಹಾಕಾವ್ಯದಲ್ಲಿ ಪಾರಸಿಯೇ?” ಎಂದು ಹುಬ್ಬೇರಿಸಿದರು. ರೈತನ ಬಾಯಲ್ಲಿ ಕನ್ನಡವಾದ ಮಾತು ಕಾವ್ಯದಲ್ಲಿ ಯಾಕೆ ಆಗಬಾರದು? ಚಂದ್ರಶೇಖರ ಕಂಬಾರರು ‘ಚಕೋರಿ’ಯಲ್ಲಿ ಯಕ್ಷಿಯ ಕಥೆಗೆ ಜನಪದದ ಉಸಿರು ತುಂಬಿದ್ದು ಕಣ್ಣ ಮುಂದಿದೆ. ಅವರವರ ಕಸುಬಿನ ಮಾತೇ ಅವರವರ ಮಾಯೆಗೆ ಬಾಗಿಲು. ನೀವು ನೇಕಾರರಾದರೆ ಮಗ್ಗದ ಮಾತು ತನ್ನಿ, ನರ್ಸ್ ಆದರೆ ವಾರ್ಡಿನದು.

10. ಅಚ್ಚಿಗೆ ಮೊದಲು ಕಿವಿ

ಮೊದಲ ವಾಚನದ ಇನ್ನೊಂದು ಸಂಗತಿ ಹೇಳಲೇಬೇಕು. ಕಣ್ಣಿಗೆ ಅಚ್ಚುಕಟ್ಟಾಗಿ ಕಂಡ ಎಷ್ಟೋ ಸಾಲು ಕಿವಿಗೆ ಬೀಳುವ ಮೊದಲೇ ಸತ್ತವು. ಮೂರು ಸಂಸ್ಕೃತ ಸಮಾಸ ಒಟ್ಟಿಗೆ ಬಂದಲ್ಲಿ ಗಂಡಸರು ಎದ್ದು ಬೀಡಿ ಸೇದಲು ಹೋದರು. ಓದಿದ ಗಮಕಿ ಅಕ್ಕ ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಗೀಟು ಹಾಕಿ ಕೊಟ್ಟರು. ಎಲ್ಲೆಲ್ಲಿ ಅವರ ಉಸಿರು ಮುರಿಯಿತೋ ಅಲ್ಲೆಲ್ಲ ಒಂದು ಗೀಟು. ಒಟ್ಟು 214. ಅದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಸಿಕ್ಕಿಲ್ಲ.

ನಮ್ಮ ನಾಡಿನ ದೊಡ್ಡ ಕಾವ್ಯಗಳು ಬಹಳಷ್ಟು ಬಾಯಲ್ಲೇ ಬದುಕಿವೆ. ಮಾದಪ್ಪನ ಕಥೆಯನ್ನು ಕಂಸಾಳೆಯವರು ರಾತ್ರಿಯಿಡೀ ಹಾಡುತ್ತಾರೆ, ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು. ತುಳುವಿನಲ್ಲಿ ಗೋಪಾಲ ನಾಯ್ಕರು ಹಾಡಿದ ‘ಸಿರಿ’ ಕಾವ್ಯವನ್ನು ಫಿನ್‌ಲೆಂಡಿನ ಲೌರಿ ಹಾಂಕೊ ತಂಡ ದಾಖಲಿಸಿ 1998ರಲ್ಲಿ ಅಚ್ಚುಹಾಕಿದಾಗ ಅದು 15,683 ಸಾಲಾಯಿತು. ಅಷ್ಟು ಸಾಲನ್ನು ಹೊತ್ತು ನಡೆಯಲು ಸೊಲ್ಲು ಬೇಕು, ಮರಳಿ ಬರುವ ಮಾತು ಬೇಕು. ಅಚ್ಚಿನ ಓದಿಗೆ ಪುನರುಕ್ತಿ ದೋಷ. ಕೇಳುವವರಿಗೆ ಅದು ಮೈಲಿಗಲ್ಲು. ನಾನು ಪ್ರತಿ ಬೆಳಗ್ಗೆ ಕೆಂಚ ಹೊರಡುವಾಗ ಒಂದೇ ನಾಲ್ಕು ಸಾಲನ್ನು ಮತ್ತೆ ಮತ್ತೆ ತಂದೆ. ಪದಗಳು ಕಳೆದುಹೋದಂತೆ ಆ ಸೊಲ್ಲಿನಲ್ಲೂ ತೂತು ಬೀಳುತ್ತ ಹೋಗುತ್ತದೆ. ಕಥೆ ಮರೆತವರಿಗೂ ತೂತು ಕೇಳಿಸುತ್ತದೆ.

ಅಚ್ಚಿನ ವಿಷಯ ಚಿಕ್ಕದು. ಇಬ್ಬರು ಪ್ರಕಾಶಕರು “ಇದನ್ನೇ ಕಾದಂಬರಿ ಮಾಡಿಕೊಡಿ ಸಾರ್” ಎಂದರು. ನಿವೃತ್ತಿಯ ದುಡ್ಡಿನಲ್ಲಿ ಮುನ್ನೂರು ಪ್ರತಿ ನಾನೇ ಹಾಕಿಸಿದೆ. ಮಾರಿದ್ದಕ್ಕಿಂತ ಕೊಟ್ಟದ್ದೇ ಹೆಚ್ಚು. ಆದರೆ ಒಂದು ಪ್ರತಿ ಗಮಕಿಯ ಕೈಲಿದ್ದರೆ ನೂರು ಜನ ಓದಿದ ಲೆಕ್ಕ.

11. ಒಂದು ಜಾಗ ಖಾಲಿ ಬಿಡಿ

ಏಳನೆಯ ಗಡಿಯಲ್ಲಿ ಕೆಂಚ ಬಿಡಬೇಕಾದ ಪದ ಅವಳ ಹೆಸರು. ಅದನ್ನು ಬಿಟ್ಟರೆ ಅವಳಿಗೊಂದು ಹೆಸರು ದಕ್ಕುತ್ತದೆ. ಬಿಟ್ಟವನಿಗೆ ಕರೆಯಲು ಏನೂ ಉಳಿಯುವುದಿಲ್ಲ. ಈ ಕೊನೆಯನ್ನು ಒಂಬತ್ತು ಸಲ ಬರೆದೆ. ಮದುವೆ ಮಾಡಿಸಿದೆ, ಸಾಯಿಸಿದೆ, ಇಬ್ಬರನ್ನೂ ಮರ ಮಾಡಿದೆ. ಒಂದೂ ಒಗ್ಗಲಿಲ್ಲ. ಕೊನೆಗೆ ನಿಯಮವನ್ನೇ ಕೇಳಿದೆ. ಪದ ಬಿಟ್ಟ ಮೇಲೆ ರಗಳೆಯಲ್ಲಿ ಅದು ಬರಕೂಡದು. ಅವಳ ಸಾಂಗತ್ಯದಲ್ಲಿ ಬರಬಹುದು. ಆದರೆ ಹೆಸರು ಈಗ ಅವಳ ಸ್ವಂತದ್ದು, ಹಾಡಬೇಕೋ ಬೇಡವೋ ಅವಳಿಗೆ ಬಿಟ್ಟದ್ದು. ಕಾವ್ಯ ಏಳನೆಯ ಕಲ್ಲಿನ ಭಾಮಿನಿಯಲ್ಲೇ ನಿಂತಿತು. ಷಟ್ಪದಿಯ ಕೊನೆಯ ಸಾಲಿಗೆ 23 ಮಾತ್ರೆ. ಹತ್ತೊಂಬತ್ತು ಬರೆದೆ. ನಡುವೆ ನಾಲ್ಕು ಮಾತ್ರೆಯ ಜಾಗ ಖಾಲಿ.

ಪುಸ್ತಕ ಬಂದ ಮೇಲೆ ಅದೇ ಹಳ್ಳಿಯಲ್ಲಿ, ಅದೇ ದೇವಸ್ಥಾನದಲ್ಲಿ ಮತ್ತೆ ವಾಚನ. ಹಿಂದಿನ ದಿನ ಗಮಕಿ ಅಕ್ಕ ಫೋನ್ ಮಾಡಿದರು.

“ಅಣ್ಣಾ, ಕೊನೇ ಪದ್ಯದಲ್ಲಿ ಅಚ್ಚು ಬಿಟ್ಟುಹೋಗಿದೆ.”

“ಇಲ್ಲಕ್ಕ, ಅದು ಹಾಗೇ ಇದೆ.”

“ಹಾಗಾದ್ರೆ ನಾನೇನು ಓದಲಿ?”

“ನಾಲ್ಕು ಮಾತ್ರೆ ಸುಮ್ಮನಿರಿ.”

ಗಮಕಕ್ಕೆ ತಾಳದ ಕಟ್ಟಿಲ್ಲ. ಅವರು ಅಲ್ಲಿಗೆ ಬಂದಾಗ ಪುಸ್ತಕದಿಂದ ಕಣ್ಣೆತ್ತಿ ನಿಲ್ಲಿಸಿದರು. ಸಭೆಯಲ್ಲಿ ಯಾರೂ ಗಟ್ಟಿಯಾಗಿ ಏನೂ ಹೇಳಲಿಲ್ಲ. ಅಲ್ಲಲ್ಲಿ ತುಟಿ ಅಲುಗಿದ್ದನ್ನು ಪಕ್ಕದಲ್ಲಿ ಕೂತು ನೋಡಿದೆ. ಮುಂದಿದ್ದ ಅಜ್ಜಿ ಮಾತ್ರ ಪಕ್ಕದವಳ ಕಡೆ ಬಾಗಿ, ಮರೆತವಳಿಗೆ ನೆನಪಿಸುವ ಹಾಗೆ, “ಸಂಪ್ಗೆ” ಎಂದರು.

ಸಂಪ್ಗೆ ಎಂದರೆ ಮೂರೇ ಮಾತ್ರೆ. ಒಂದು ಮಾತ್ರೆ ಕಡಿಮೆ ಬಿತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅಳತೆ ತಪ್ಪಿದ್ದನ್ನು ಹಾಗೇ ಬಿಟ್ಟು ಎದ್ದು ಬಂದೆ.